ಮಳೆ ತಡೆಯುವ ಕಸ್ದಿ ಮತ್ತು ಮೂರನೆಯ ಮೈದಾನ

ಜಾವಾದ ನಮ್ಮ ಕಬ್ಬಿನ ಊರಿನ ಫುಟ್‌ಬಾಲ್ ತಂಡ ಮೂರು ಮೈದಾನ ಕಂಡಿದೆ. ಮೊದಲನೆಯದನ್ನು ಸಕ್ಕರೆ ಕಾರ್ಖಾನೆ ಕಿತ್ತುಕೊಂಡಿತು, ಎರಡನೆಯದರಲ್ಲಿ ಮಾರುಕಟ್ಟೆ ಎದ್ದಿತು. ಮೂರನೆಯದು ಹೊಳೆದಂಡೆಯ ತಗ್ಗು. ನಾಲ್ಕು ಹನಿ ಬಿದ್ದರೆ ಕೆಸರುಗದ್ದೆ. ಮೂರೂ ಕಡೆ ಆಟದ ದಿನ ಮಳೆ ತಡೆದವನು ಕಸ್ದಿ. ಗೋಲಿನ ಹಿಂದೆ ಪೊರಕೆಯನ್ನು ತಲೆಕೆಳಗಾಗಿ ನೆಟ್ಟು, ಕಡ್ಡಿಗಳಿಗೆ ಮೆಣಸಿನಕಾಯಿ, ಈರುಳ್ಳಿ ಚುಚ್ಚಿ ಕೂರುತ್ತಿದ್ದ. ಆಟ ಮುಗಿಯುವವರೆಗೆ ನೀರು ಮುಟ್ಟುವಂತಿಲ್ಲ; ಸ್ನಾನವಿಲ್ಲ, ಕುಡಿಯುವುದೂ ಇಲ್ಲ. ಗೇಟಿನಲ್ಲಿ ಬೇಯಿಸಿದ ಕಡಲೆಕಾಯಿ ಮಾರುವ ನಾನು, ಗಿನೆಮ್, ಎಲ್ಲ ಕಣ್ಣಾರೆ ಕಂಡವಳು. ಗೆದ್ದರೆ ಆಟಗಾರರಿಗೆ ಹಾರ, ಮಳೆ ಬಂದರೆ ಇವನಿಗೆ ಬೈಗುಳ. ಥೂ, ಎಂಥ ಜನ!

ಫೈನಲ್ ದಿನ ನಸುಕಿನಲ್ಲಿ ಕಸ್ದಿಯ ಅಪ್ಪ ತೀರಿಕೊಂಡರು. ಇವನೊಬ್ಬನೇ ಮಗ, ಹೆಣ ತೊಳೆಯಬೇಕಾದ ಕೈ ಇವನದೇ. ತಂಡದ ಕಾರ್ಯದರ್ಶಿ ಹರ್ಯಾದಿ ಮನೆಬಾಗಿಲಿಗೇ ಬಂದು ನಿಂತ.

"ಬೇರೆ ಯಾರಾದ್ರೂ ತೊಳೀತಾರೆ ಬಿಡೋ. ನೀನು ನೀರು ಮುಟ್ಟಿ ಮಳೆ ಹುಯ್ದರೆ ಊರಲ್ಲಿ ತಲೆ ಎತ್ಕೊಂಡು ಓಡಾಡಕ್ಕಾಗುತ್ತಾ?"

"ನಮ್ಮಪ್ಪ ಕಣಣ್ಣಾ..."

"ನಿಮ್ಮಪ್ಪನೂ ನಮ್ಮ ತಂಡದೋನೇ ಅಲ್ವೇನೋ? ನಡಿ, ನಡಿ."

ಕಸ್ದಿ ಹೋಗಿ ಗೋಲಿನ ಹಿಂದೆ ಕೂತ. ಮಧ್ಯಾಹ್ನದ ನಮಾಜು ಮುಗಿಸಿ ಮಸೀದಿಯವರು ಅವನ ಅಪ್ಪನನ್ನು ಮಣ್ಣು ಮಾಡಿದರು. ಆಮೇಲೆ ನಾನು ಕಡಲೆಕಾಯಿ ಬುಟ್ಟಿ ಹೊತ್ತು ಹೋದರೆ ಗೇಟಿನಲ್ಲಿ ನರಪಿಳ್ಳೆಯಿಲ್ಲ, ಕಾವಲುಗಾರನೊಬ್ಬನನ್ನು ಬಿಟ್ಟು.

"ಗಿನೆಮಕ್ಕಾ, ಇಲ್ಲೆಲ್ಲಿ ಆಟ? ಈ ತಗ್ಗನ್ನ ನಂಬಕ್ಕಾಗಲ್ಲ ಅಂತ ಬೆಳಿಗ್ಗೇನೇ ಪಟ್ಟಣದ ಸ್ಟೇಡಿಯಂಗೆ ಹಾಕಿದ್ರು. ಎಲ್ಲಾ ಲಾರಿ ಹತ್ತಿ ಹೋದ್ರು."

"ಕಸ್ದಿಗೆ ಹೇಳಲಿಲ್ವಾ?"

"ಒಳಗೇ ಕೂತಿದಾನೆ ನೋಡು, ಖಾಲಿ ಮೈದಾನ ಕಾಯ್ಕೊಂಡು!" ಎಂದು ಹೊಟ್ಟೆ ಹಿಡಿದು ನಕ್ಕ.

ನಾನೇ ಹೋಗಿ ಹೇಳಿದೆ. ಕಸ್ದಿ ಪೊರಕೆ ಕಿತ್ತುಕೊಂಡು ನನ್ನ ಹಿಂದೆಯೇ ಹೊರಗೆ ಬಂದ. ಸಂಜೆ ಗೆದ್ದವರ ಲಾರಿಗಳು ಡೋಲು ಬಡಿಯುತ್ತ ಬಂದಾಗಲೂ ಅವನು ಗೇಟಿನ ಪಕ್ಕ ನನ್ನ ಬುಟ್ಟಿಯ ಹತ್ತಿರವೇ ಕೂತಿದ್ದ.

"ಮುಖ ಯಾಕೋ ಹಂಗೆ?" ಹರ್ಯಾದಿ ಮೇಲಿಂದಲೇ ಕೂಗಿದ. "ಇಲ್ಲಿ ಒಂದು ಹನೀನೂ ಬಿದ್ದಿಲ್ವಲ್ಲ, ಕೆಲಸ ಚೆನ್ನಾಗೇ ಮಾಡಿದೀಯ!"

ಲಾರಿಗೆ ಲಾರಿಯೇ ನಕ್ಕಿತು. "ನಿನ್ನ ಬಾಯಿಗೆ ಮಣ್ಣು ಹಾಕ!" ಎಂದು ನಾನು ಕಿರುಚಿದ್ದು ಡೋಲಿನ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ.

ಗದ್ದಲ ದೂರವಾದ ಮೇಲೆ ಕಸ್ದಿ ಬಾಯಿ ಬಿಟ್ಟ. "ಅಕ್ಕಾ, ಮಲಗಿ ಮಲಗಿ ಅಪ್ಪನ ಬೆನ್ನೆಲ್ಲ ಹುಣ್ಣಾಗಿತ್ತು. ತೊಳೆದೋರಿಗೆ ಯಾರೂ ಹೇಳಿರಲ್ಲ. ಗಟ್ಟಿಯಾಗಿ ಉಜ್ಜಿಬಿಟ್ರಾ?"

"ಇಲ್ಲ ಕಣಪ್ಪಾ, ಮೆತ್ತಗೇ ತೊಳೆದ್ರು. ನಾನೇ ನೋಡಿದೆ."

"ಗಂಡಸರ ಹೆಣ ತೊಳೆಯೋ ಕಡೆ ಹೆಂಗಸರನ್ನ ಬಿಡಲ್ಲ ಅಕ್ಕಾ," ಎಂದ ಕಸ್ದಿ.