‘ವಗೈರೆ’ಯಲ್ಲಿ ಹೋದ ಹೆಸರು

ಜೈನಬಿ ಅಕ್ಕನವರೇ, ಹೊಲ ಯಾರದೆಂದು ಹೇಳುವ ಉತಾರದಿಂದ ನಿಮ್ಮ ಹೆಸರನ್ನು ನುಂಗಿದ್ದು ಕಂಪ್ಯೂಟರ್ ಅಲ್ಲ. ನಾನು — ನಿಮ್ಮೂರಿಗೆ ಹದಿನೈದು ವರ್ಷ ತಲಾಟಿಯಾಗಿ ಹೊಲಗಳ ಲೆಕ್ಕ ಬರೆದವನು, ಬಂದಾಗಲೆಲ್ಲ ನಿಮ್ಮ ಮನೆಯ ಚಹಾ ಕುಡಿದೇ ಹೋಗುತ್ತಿದ್ದವನು.

ನಿಮ್ಮ ತಂದೆ ತೀರಿದ ಮೇಲೆ ದಡ್ಡಿ ರಸ್ತೆಯ ಆ ನಾಲ್ಕೆಕರೆಗೆ ವಾರಸಾ ಬರೆದವನೂ ನಾನೇ. ಹಕ್ಕುದಾರರು ಇಬ್ಬರು: ನಿಮ್ಮಣ್ಣ ದಸ್ತಗೀರ, ನೀವು. ವಾರಸಾ ಪುಸ್ತಕದಲ್ಲಿ ಇಬ್ಬರ ಹೆಸರನ್ನೂ ಬರೆದೆ. ಉತಾರಕ್ಕೆ ಬಂದಾಗ ಮಾತ್ರ ‘ದಸ್ತಗೀರ ವಗೈರೆ’ ಎಂದು ಗೀಚಿ ಮುಗಿಸಿದೆ. ನಾವೆಲ್ಲ ಹಾಗೇ ಬರೆಯುತ್ತಿದ್ದೆವು — ಗಂಡಸಿನ ಹೆಸರು ಮುಂದೆ, ಅಕ್ಕ-ತಂಗಿಯರೆಲ್ಲ ವಗೈರೆಯೊಳಗೆ. ವಗೈರೆ ಎಂದರೆ ಯಾರೆಂದು ಊರಿಗೆ ಗೊತ್ತಿತ್ತು. ದಸ್ತಗೀರ ಇರುವವರೆಗೆ ಅರ್ಧ ಹೊಲದ ಜೋಳ ತಪ್ಪದೆ ನಿಮ್ಮ ಮನೆಗೆ ಬರುತ್ತಿತ್ತು.

ಆಮೇಲೆ ಕಂಪ್ಯೂಟರ್ ಬಂತು. ಉತಾರದ ಪುಸ್ತಕಗಳನ್ನು ಹೊತ್ತು ಹುಕ್ಕೇರಿಯ ತಾಲೂಕು ಕಚೇರಿಗೆ ಹೋದೆ. ಟೈಪ್ ಮಾಡುತ್ತಿದ್ದ ಹೆಣ್ಣುಮಗಳು ನಿಮ್ಮ ಹಾಳೆಗೆ ಬಂದು ಕೈ ನಿಲ್ಲಿಸಿದಳು.

“ಸರ, ಈ ವಗೈರೆ ಅಂದ್ರ ಯಾರ್ರಿ? ಹೆಸರ ಹೇಳ್ರಿ, ಹಾಕ್ತೇನಿ.”

“ಬಿಡ್ರಿ, ದಸ್ತಗೀರ ಅಂತ ಒಂದ ಹಾಕ್ರಿ” ಎಂದೆ.

ನಿಮ್ಮ ಹೆಸರು ನಾಲಿಗೆಯ ತುದಿಯಲ್ಲಿತ್ತು. ಬಸ್ಸಿಗೆ ಹೊತ್ತಾಗಿತ್ತು, ಇನ್ನೂ ನೂರಾರು ಹಾಳೆ ಉಳಿದಿದ್ದವು — ಅಷ್ಟೇ, ಬೇರೆ ಏನೂ ಇಲ್ಲ. ಅಚ್ಚಾದ ಹಾಳೆಗಳನ್ನು ಚಾವಡಿಯಲ್ಲಿ ಓದಿ ಹೇಳಿ, ತಪ್ಪಿದ್ದರೆ ತಿದ್ದಿಸಬೇಕು ಎಂಬ ಆಜ್ಞೆಯಿತ್ತು. ಓದದೆಯೇ ‘ಓದಿ ಹೇಳಲಾಗಿದೆ’ ಎಂದು ಸಹಿ ಹಾಕಿದೆ.

ದಸ್ತಗೀರ ಸತ್ತ ಮೇಲೆ ನೀವು ಆ ಹೊಸ ಉತಾರವನ್ನು ಹಿಡಿದುಕೊಂಡು ಏದುಸಿರು ಬಿಡುತ್ತ ಚಾವಡಿಗೆ ಬಂದಿರಿ.

“ತಲಾಟ್ಯಾರ, ಇದರಾಗ ನನ್ನ ಹೆಸರ ಇಲ್ಲಲ್ರಿ!”

“ನಾ ಏನ್ ಮಾಡ್ಲಿ ಅಕ್ಕಾರ, ಕಂಪ್ಯೂಟರ್ ತಪ್ಪು ಮಾಡೈತ್ರಿ. ಅದು ಒಮ್ಮೆ ತಿಂದ್ರ ತಿರುಗಿ ಕೊಡೂದಿಲ್ರಿ.”

ಸುಳ್ಳು. ಶುದ್ಧ ಸುಳ್ಳು. ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ! ವಾರಸಾದ ನಕಲು, ನನ್ನ ಎರಡು ಸಾಲಿನ ಹೇಳಿಕೆ — ಇಷ್ಟಿದ್ದರೆ ನಿಮ್ಮ ಹೆಸರು ಮರಳಿ ಬರುತ್ತಿತ್ತು. ಆದರೆ ಆ ಎರಡು ಸಾಲಿನಲ್ಲಿ ‘ನನ್ನಿಂದ ತಪ್ಪಾಗಿದೆ’ ಎಂದು ಬರೆಯಬೇಕಿತ್ತು. ನೋಟಿಸು, ವಿಚಾರಣೆ, ಸಾಹೇಬರ ಮುಂದೆ ಕೈಕಟ್ಟಿ ನಿಲ್ಲುವುದು... ಹೆದರಿದೆ. ನೀವೋ, ನನಗೇ ಸಮಾಧಾನ ಹೇಳಿದಿರಿ: “ಮಷಿನ್ನಿಗೆ ನಮ್ಮ ಗುರ್ತ ಎಲ್ಲಿಂದ ಇರಬೇಕ್ರಿ? ನಿಮಗರೆ ಗೊತ್ತೈತಲ್ಲ, ಸಾಕ್ರಿ.”

ನನಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡೆ. ಎರಡು ವರ್ಷದಲ್ಲಿ ನಿಮ್ಮಣ್ಣನ ಮಕ್ಕಳು ಅದೇ ಉತಾರ ತೋರಿಸಿ ಇಡೀ ಹೊಲವನ್ನು ಮಾರಿದರು. ಈಗ ಅದೇ ಹೊಲದಲ್ಲಿ ನೀವು ಕೂಲಿಗೆ ಕಳೆ ತೆಗೆಯುತ್ತೀರಿ.

ಇನ್ನೊಂದನ್ನೂ ಒಪ್ಪಿಕೊಳ್ಳಬೇಕು. ಕಂಪ್ಯೂಟರ್ ಹೆಸರು ತಿನ್ನುತ್ತದೆ ಎಂಬ ನನ್ನ ಆ ಮಾತು ಊರೆಲ್ಲ ಹಬ್ಬಿತು. ಹುಕ್ಕೇರಿಯಿಂದ ಉತಾರ ತಂದವರು ನನ್ನ ಪೆನ್ನಿನ ಸಹಿ ಬೀಳುವವರೆಗೆ ಅದನ್ನು ನಂಬುತ್ತಿರಲಿಲ್ಲ. “ಖರೆ ಐತೇನ್ರಿ ಇದು?” ಎಂದು ಕೇಳಿಕೊಂಡು ನನ್ನ ಮನೆಯ ಬಾಗಿಲಿಗೆ ಬರುತ್ತಿದ್ದರು. ಆ ಮರ್ಯಾದೆ ನನಗೆ ಹಿತವಾಗಿತ್ತು. ಥೂ, ನನ್ನ ಜನ್ಮಕ್ಕಿಷ್ಟು!

ನಿವೃತ್ತನಾದ ಮೇಲೂ ಹೀಗೇ ಇದ್ದುಬಿಡುತ್ತಿದ್ದೆನೋ ಏನೋ. ಮೊನ್ನೆ ನಿಮ್ಮ ಮಗಳು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ್ದಳು. ವಿಧವಾ ವೇತನದ ಅರ್ಜಿಯನ್ನು ಕಂಪ್ಯೂಟರಿನಲ್ಲಿ ಹಾಕೋಣ ಎಂದರೆ ನೀವು ಒಲ್ಲೆ ಎಂದಿರಂತೆ. “ಒಮ್ಮೆ ಹೆಸರ ತಿಂದೈತಿ, ಮತ್ತ ಅದರ ಬಾಯಾಗ ಕೊಡಾಂಗಿಲ್ಲ ಅಂತಾಳ್ರಿ ನಮ್ಮವ್ವ” ಎಂದು ನಕ್ಕಳು. ನನಗೆ ನಗು ಬರಲಿಲ್ಲ. ನನ್ನ ಸುಳ್ಳು ಇಂದಿಗೂ ನಿಮ್ಮ ಅನ್ನಕ್ಕೆ ಅಡ್ಡ ನಿಂತಿದೆ.

ಸೋಮವಾರ ಊರಿಗೆ ಬರುತ್ತೇನೆ. ಚಾವಡಿಯ ಕಟ್ಟೆಯ ಮೇಲೆ ನಿಂತು, ಎಲ್ಲರಿಗೂ ಕೇಳುವಂತೆ, ಅಂದು ಬರೆಯದ ಆ ಎರಡು ಸಾಲುಗಳನ್ನು ಓದಿ ಸಹಿ ಹಾಕುತ್ತೇನೆ. ಹೊಲ ತಿರುಗಿ ಬರುತ್ತದೆಂದು ಹೇಳಲಾರೆ. ಕ್ಷಮಿಸಿ ಎಂದು ಕೇಳುವ ಮುಖವೂ ನನಗಿಲ್ಲ. ನೀವು ಉಗುಳಿದರೆ ಒರೆಸಿಕೊಳ್ಳುತ್ತೇನೆ. ಆಮೇಲೆ ನಿಮ್ಮ ಅರ್ಜಿ ಹಿಡಿದು ನಿಮ್ಮ ಹಿಂದೆ ಹುಕ್ಕೇರಿಗೆ ನಡೆದು ಬರುತ್ತೇನೆ.