ತಿರುಗಿಸಿಟ್ಟ ಚಪ್ಪಲಿ

ನಮ್ಮಕ್ಕ ಬಂದಿದ್ದಳು. ಬಂದು ನನ್ನ ಚಪ್ಪಲಿ ತಿರುಗಿಸಿಟ್ಟು, ಒಂದು ಮಾತೂ ಆಡದೆ ಹೋದಳು. ಹೇಗೆ ಅಂತ ಕೇಳಬೇಡಿ, ಗೊತ್ತಿದ್ದರೆ ಹೇಳುತ್ತಿದ್ದೆ. ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟವಳಾದರೂ, ಸತ್ತವರು ಬರುತ್ತಾರೆ ಅನ್ನುವವರನ್ನು ಕೆಲಸವಿಲ್ಲದವರು ಎಂದೇ ತಿಳಿದಿದ್ದೆ.

ಅದು ಕೊರೊನಾ ಕಾಲ. ಪರದೇಶದ ಲೈಡನ್ ಊರಿನಲ್ಲಿರುವ ಮಗಳು ಶುಭಾಳ ಮನೆಗೆ ಮೂರು ತಿಂಗಳಿಗೆಂದು ಬಂದವಳು, ವಿಮಾನ ನಿಂತು ಸಿಕ್ಕಿಕೊಂಡಿದ್ದೆ. ಆಗಲೇ ಮಂಡ್ಯದಲ್ಲಿ ಅಕ್ಕ ಹೋದಳು. ಮುಖ ನೋಡಲಿಲ್ಲ, ಬಾಯಿಗೆ ನೀರು ಬಿಡಲಿಲ್ಲ. ಹನ್ನೊಂದನೇ ದಿನದ ಕೆಲಸವನ್ನಾದರೂ ಫೋನಿನಲ್ಲಿ ತೋರಿಸು ಅಂದರೆ ಅವಳ ಮಗ ಮರೆತೇಬಿಟ್ಟ.

ಶುಭಾಳ ಜೊತೆ ಕೆಲಸ ಮಾಡುವ ಜಪಾನಿನ ಹುಡುಗಿಯ ಸೋದರಮಾವ ಅವರ ದೇಶದಲ್ಲೇ ಒಂದು ಹಳೇ ಬೌದ್ಧ ಪ್ರಾರ್ಥನಾ ಮಂದಿರದಲ್ಲಿ ಅರ್ಚಕರು. ಜನ ಬರುವುದು ನಿಂತಿದ್ದರಿಂದ ಲ್ಯಾಪ್‌ಟಾಪಿನಲ್ಲೇ ಮಂದಿರ ತೋರಿಸಿ, ಸತ್ತವರ ಹೆಸರು ಹೇಳಿ ಊದುಬತ್ತಿ ಹಚ್ಚುತ್ತಿದ್ದರು. ದೊಡ್ಡಮ್ಮನಿಗೂ ಹಚ್ಚಿಸೋಣ ಎಂದಳು ಶುಭಾ. ನೆಲದ ಚಳಿಗೆ ನಾನು ಮನೆಯೊಳಗೂ ಚಪ್ಪಲಿ ಹಾಕುತ್ತಿದ್ದೆ. ಅದನ್ನು ರೂಮಿನ ಬಾಗಿಲಾಚೆ ಎಸೆದು ಒಳಗೆ ಹೋದೆ.

"ಲ್ಯಾಪ್‌ಟಾಪ್ ಮುಂದೆ ಕೂರೋಕೂ ಚಪ್ಪಲಿ ಬಿಡ್ಬೇಕಾ ಅಮ್ಮಾ?"

"ದೇವಸ್ಥಾನ ತಾನೇ? ನೀನೂ ಬಿಡು."

ಇಲ್ಲಿ ಬೆಳಿಗ್ಗೆ, ಅಲ್ಲಿ ಸಂಜೆ. ಮೊದಲು ಮೆಟ್ಟಿಲು ತೋರಿಸಿದರು. ಒಳಗೆ ಹೋದವರ ಪಾದರಕ್ಷೆಯನ್ನು ಅಲ್ಲಿ ಹೊರಮುಖ ಮಾಡಿಡುತ್ತಾರಂತೆ, ಹೊರಡುವಾಗ ಸಲೀಸಾಗಲಿ ಎಂದು. ನಮ್ಮಕ್ಕನೂ ಹಾಗೇ. ನನ್ನ ಮಂಡಿ ಸರಿಯಿಲ್ಲವೆಂದು ಯಾರ ಮನೆಗೆ ಹೋದರೂ ನನ್ನ ಚಪ್ಪಲಿ ತಿರುಗಿಸಿಡುತ್ತಿದ್ದಳು. ಆದರೆ ಪ್ರತಿಸಲವೂ ಎಡ ಬಲ ಅದಲುಬದಲು. ನಲವತ್ತು ವರ್ಷ ಬೈದೆ, ತಿದ್ದಿಕೊಳ್ಳಲಿಲ್ಲ.

ಆಮೇಲೆ ಹೊಗೆ ಹಿಡಿದ ಕಂಬಗಳು, ಒಂದು ದೀಪ. ಅರ್ಚಕರು ಇನ್ನೇನು ಅಕ್ಕನ ಹೆಸರು ಹೇಳಬೇಕು, ಚಿತ್ರ ನಿಂತಿತು. ಮತ್ತೆ ಬರಲೇ ಇಲ್ಲ. ಇದೂ ಕೈತಪ್ಪಿತಲ್ಲ ಎಂದು ಸಿಟ್ಟಿನಲ್ಲೇ ಎದ್ದು ಹೊರಗೆ ಬಂದೆ.

ಚಪ್ಪಲಿ ಹೊರಮುಖವಾಗಿ ಜೋಡಿಸಿಟ್ಟಿತ್ತು. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ.

ಶುಭಾ ನನ್ನ ಪಕ್ಕದಿಂದ ಎದ್ದಿರಲಿಲ್ಲ. ಮನೆಯಲ್ಲಿ ಇನ್ನಿದ್ದವನು ಅಳಿಯ ಒಬ್ಬನೇ, ಮಹಡಿಯಲ್ಲಿ ಆಫೀಸಿನ ಮೀಟಿಂಗಿನಲ್ಲಿದ್ದ. "ನಾನು ಕೆಳಗೆ ಇಳಿದೇ ಇಲ್ಲ ಅತ್ತೆ" ಅಂದ. ನೀನೇ ಹಾಗೆ ಬಿಟ್ಟಿರುತ್ತೀಯ ಎಂದಳು ಶುಭಾ. ನಾನು ಎಸೆದದ್ದು ನನಗೆ ಗೊತ್ತಿಲ್ಲವೇ? ಅಷ್ಟು ದೂರ ಬಂದವಳು ಒಂದು ಮಾತಾಡಿ ಹೋಗಬಾರದಿತ್ತೇ?

ಮಾರನೇ ಬೆಳಿಗ್ಗೆ ಅದೇ ಹೊತ್ತಿಗೆ ಚಪ್ಪಲಿ ಎಸೆದು, ಮುಚ್ಚಿದ ಲ್ಯಾಪ್‌ಟಾಪಿನ ಮುಂದೆ ಅರ್ಧ ಗಂಟೆ ಕೂತೆ. ಹೊರಗೆ ಬಂದು ನೋಡಿದರೆ ಒಂದು ಮಗುಚಿ ಬಿದ್ದಿತ್ತು, ಇನ್ನೊಂದು ಮೆಟ್ಟಿಲ ಹತ್ತಿರ. ಗೋಡೆ ಹಿಡಿದು ಬಗ್ಗಿ, ಎರಡನ್ನೂ ತಿರುಗಿಸಿ, ಎಡದ್ದನ್ನು ಬಲಕ್ಕೆ ಇಟ್ಟೆ.