ಬಿಸಿಯಾದ ಮೇಲೆ ತೆಗೆದ ರೀಡಿಂಗ್

ವಿನಯಾ, ಹಿಮದೂರಿನ ಆ ಪುಟ್ಟ ಆಸ್ಪತ್ರೆ ಕತ್ತಲಾದದ್ದು ನಿನ್ನ ತಪ್ಪಿನಿಂದಲ್ಲ — ನಾನು ಬೇಕೆಂದೇ ಮುಚ್ಚಿಟ್ಟ ಒಂದು ರೀಡಿಂಗ್‌ನಿಂದ. ತಿರುವನಂತಪುರದಲ್ಲಿ ಎಲ್ಲರೆದುರು ನಿನ್ನ ಮೇಲೆ ಹೊರಿಸಿದೆನಲ್ಲ, ಅದು ಸುಳ್ಳು.

ಆ ಆಸ್ಪತ್ರೆಗೆ ಹೋಗುವ ಸೋಲಾರ್ ಪ್ಯಾನೆಲನ್ನು ಚಳಿಯಲ್ಲಿ ಪರೀಕ್ಷಿಸಿ ಕೊಡಿ ಎಂದಿತ್ತು ಅದನ್ನು ತರಿಸಿಕೊಂಡ ಸಂಸ್ಥೆ. ಕೊಚ್ಚಿಯಲ್ಲಿ ಹಿಮ ಎಲ್ಲಿಂದ ತರುವುದು? ಸಿಗಡಿ ಇಡುವ ಶೀತಲ ಕೋಣೆಯೊಂದನ್ನು ಚೌಕಾಸಿ ಮಾಡಿ ಹಿಡಿದವನು ನಾನೇ. ಕಾಸರಗೋಡಿನಿಂದ ಬರಿಗೈಯಲ್ಲಿ ಬಂದು ಕಳಮಶ್ಶೇರಿಯಲ್ಲಿ ಸೋಲಾರ್ ಅಂಗಡಿ ಕಟ್ಟಿದವನಿಗೆ ಅದೂ ಒಂದು ಹೆಮ್ಮೆ. ಅಲ್ಲಿ ಮರಗಟ್ಟಿದ ಪ್ಯಾನೆಲನ್ನು ಹೊರಗಿನ ಬಿಸಿಲಿಗೆ ತಂದಿಟ್ಟ ಕ್ಷಣವೇ ಗಾಜಿನ ಮೇಲೆ ಬಿಳಿ ಪದರ. ನೀನು ಬೈರಾಸಿನಿಂದ ಒರೆಸಿ ಮೀಟರ್ ಹಚ್ಚಿದೆ. ಚಳಿಗೆ ವೋಲ್ಟೇಜ್ ಏರುತ್ತದೆ — ಅದು, ಪ್ಯಾನೆಲಿನ ಕರೆಂಟನ್ನು ಬ್ಯಾಟರಿಗೆ ಹದಮಾಡಿ ಕೊಡಲೆಂದು ನಾನು ಅಗ್ಗದಲ್ಲಿ ಕೊಂಡಿಟ್ಟಿದ್ದ ಕಂಟ್ರೋಲರ್ ತಾಳುವ ಮಿತಿಯನ್ನು ದಾಟುವಂತಿತ್ತು.

"ಇದು ಸುಟ್ಟು ಹೋಗ್ತದೆ ಅಣ್ಣಾ. ಬೇರೆ ಕಂಟ್ರೋಲರ್ ತರುವ."

"ಕೊಂಡದ್ದನ್ನು ಮಾರಿದವ ವಾಪಸ್ ತೆಕ್ಕೊಳ್ಳುದಿಲ್ಲ ಮಾರಾಯ್ತಿ. ಸ್ವಲ್ಪ ಬಿಸಿ ಆಗ್ಲಿ, ಆಮೇಲೆ ರೀಡಿಂಗ್ ತೆಗಿ."

"ಮತ್ತೆ ಇದನ್ನು ಸಿಗಡಿಯೊಟ್ಟಿಗೆ ಮಲಗಿಸಿದ್ದು ಎಂತಕ್ಕೆ?"

ನಾನು ನಕ್ಕೆ. ನೀನು ನಗಲಿಲ್ಲ. ಎರಡು ರೀಡಿಂಗ್‌ಗಳನ್ನೂ ನನಗೆ ಕೊಟ್ಟೆ. ಬಿಸಿಯಾದ ಮೇಲಿನದನ್ನು ಮಾತ್ರ ನಾನು ಸಂಸ್ಥೆಗೆ ಕಳಿಸಿದೆ.

ಆ ಆಸ್ಪತ್ರೆಯ ಊರಿನಲ್ಲಿ ಹಿಮ ಸುರಿದು ಆಕಾಶ ತಿಳಿಯಾದ ಮೊದಲ ಬೆಳಿಗ್ಗೆ — ನೆಲದ ಬಿಳುಪಿನ ಹೊಳಪೂ ಸೇರಿ — ವೋಲ್ಟೇಜ್ ಮಿತಿ ದಾಟಿ ಕಂಟ್ರೋಲರ್ ಸುಟ್ಟುಹೋಯಿತು. ದಾರಿ ಮುಚ್ಚಿತ್ತು. ಸಂಜೆ ನರ್ಸ್ ಒಬ್ಬಳೇ ಮೊಬೈಲ್ ಬೆಳಕಿನಲ್ಲಿ ಹೆರಿಗೆ ಮಾಡಿಸಿದಳಂತೆ. ತಾಯಿ, ಮಗು ಉಳಿದರು — ಆದರೆ ಅದನ್ನು ಹೇಳಿ ನಾನು ಹಗುರಾಗಬಾರದು.

ಪ್ಯಾನೆಲ್ ತರಿಸಿಕೊಂಡ ಸಂಸ್ಥೆಯವರು ನಮ್ಮಿಬ್ಬರನ್ನೂ ತಿರುವನಂತಪುರಕ್ಕೆ ಕರೆಸಿದರು. ಚಳಿಯ ಪರೀಕ್ಷೆ ಮಾಡಿದವರು ಯಾರು ಎಂದರು.

"ಈ ವಿನಯಾನೇ ಸಾರ್. ಹೊಸಬಳು, ಗಡಿಬಿಡಿ ಮಾಡಿರಬೇಕು."

ನೀನು ನನ್ನತ್ತ ತಿರುಗಿದೆ — ನಾನು ಚಾಯದ ಗ್ಲಾಸು ಎತ್ತಿಕೊಂಡೆ. ಅಣ್ಣ ಎಂದು ಕರೆದವನನ್ನು ನಾಲ್ಕು ಜನರ ಮುಂದೆ ನೀನು ಸುಳ್ಳುಗಾರನೆನ್ನಲಾರೆ — ಆ ಲೆಕ್ಕವನ್ನೂ ನಾನು ಮೊದಲೇ ಹಾಕಿದ್ದೆ. ಆಮೇಲೆ ಈ ಕೆಲಸದಲ್ಲಿ ನಿನ್ನನ್ನು ಯಾರೂ ನಂಬಲಿಲ್ಲ. ವರ್ಷಗಳಾದವು.

ಈ ವ್ಯಾಪಾರಕ್ಕೆ ಇಳಿಯುವವರಿಗೆ ಒಂದು ಕಿವಿಮಾತು: ಚಳಿಯೂರಿಗೆ ಮಾಲು ಕಳಿಸುವ ಮುನ್ನ, ಪದರ ಒರೆಸಿದ ಕೂಡಲೇ — ಬೇಡ. ಬುದ್ಧಿ ಹೇಳುವ ಬಾಯಿ ಇದಲ್ಲ.

ನಾಳೆ ಆಲುವದಲ್ಲಿ ರೈಲು ಹತ್ತಿ ತಿರುವನಂತಪುರದ ಅದೇ ಕಚೇರಿಗೆ ಹೋಗುತ್ತೇನೆ. ನೀನು ಕ್ಷಮಿಸಬೇಕೆಂದಲ್ಲ. ಅದೇ ಮೇಜಿನೆದುರು ಕುಳಿತು, ಚಾಯ ಬಂದರೂ ಮುಟ್ಟದೆ, ನಿನ್ನ ಹೆಸರನ್ನು ಇನ್ನೊಮ್ಮೆ ಹೇಳಬೇಕು — ಈ ಸಲ ಸರಿಯಾಗಿ.